ಏಡನ್ನಿನ ಪತ್ರಗಳಲ್ಲಿ ನಮ್ಮ ಬೊಮ್ಮ

ಹಳೆ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರ. ಅದರ ಉಗ್ರಾಣದಲ್ಲಿ ರಾಶಿ ಬಿದ್ದ ಹರಕು ಕಾಗದಗಳು. ಆ ರಾಶಿಯೊಳಗೆ ಮಂಗಳೂರು! ಅದೂ ಸುಮಾರು ಒಂಬೈನೂರು ವರ್ಷ ಹಿಂದಿನ ಮಂಗಳೂರು!

ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬ ನಂಬಿಕೆಯಿಂದ ಬೆನ್ ಎಜ್ರಾ ಎಂಬ ಈ ಮಂದಿರದವರು ಲೆಕ್ಕದ ಚೀಟಿ, ಮದುವೆ ಕರಾರು, ಪತ್ರ ಎಲ್ಲವನ್ನೂ ಅಲ್ಲಿ ಹಾಕಿಟ್ಟರು. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದರಲ್ಲಿ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ಒಯ್ದರು. ಸುಮಾರು 1,93,000 ಚೂರುಗಳು! ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ದಶಕಗಳ ಕಾಲ ಜೋಡಿಸಿ ಓದಿದಾಗ ಎದ್ದುಬಂದವನು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ.

ಹುಟ್ಟೂರು ಟುನೀಸಿಯಾದ ಮಹ್ದಿಯಾ. ವ್ಯಾಪಾರ ಅವನನ್ನು ಯೆಮೆನಿನ ಏಡನ್ ಬಂದರಿಗೆ, ಅಲ್ಲಿಂದ ಮಂಗಳೂರಿಗೆ ತಂದಿತು. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಕಂಚಿನ ಕಾರ್ಖಾನೆಯನ್ನೂ ನಡೆಸಿದ. ಒಡೆದ ಹಳೆ ಪಾತ್ರೆಗಳು ಏಡನ್ನಿನಿಂದ ಹಡಗೇರಿ ಬರುತ್ತಿದ್ದವು. ಮಂಗಳೂರಿನಲ್ಲಿ ಕರಗಿ, ಹೊಸ ಪಾತ್ರೆಗಳಾಗಿ ಮತ್ತೆ ಕಡಲು ದಾಟುತ್ತಿದ್ದವು. ಸರಕಿನ ಜೊತೆಗೇ ಏಡನ್ನಿನ ಗೆಳೆಯರು ಅವನಿಗೆಂದು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಬಂದ ಪತ್ರದ ಹಿಂಬದಿಯನ್ನೂ ಬೆನ್ ಯಿಜು ಖಾಲಿ ಬಿಡುತ್ತಿರಲಿಲ್ಲ, ಅಲ್ಲೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಹೀಗೆ ಒಂದೇ ಹಾಳೆಯ ಒಂದು ಮಗ್ಗುಲಲ್ಲಿ ಏಡನ್, ಇನ್ನೊಂದು ಮಗ್ಗುಲಲ್ಲಿ ಮಂಗಳೂರು!

ಆದರೆ ನನ್ನ ಮೈ ಜುಮ್ಮೆನಿಸಿದ್ದು ಬೊಮ್ಮನ ಸುದ್ದಿ ಓದಿದಾಗ. ಬೆನ್ ಯಿಜುವಿನ ಗುಲಾಮನಾಗಿದ್ದರೂ ಅವನ ಪರವಾಗಿ ಸರಕು, ಹಣ ಹೊತ್ತು ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ ಕಾರ್ಯಸ್ಥ ಇವನು. ಒಮ್ಮೆ ಅಲ್ಲಿ ಕುಡಿದು, ದೊಡ್ಡ ವರ್ತಕ ಮದ್ಮೂನ್‌ನ ಬಳಿ ದುಡ್ಡಿಗಾಗಿ ಪಟ್ಟು ಹಿಡಿದದ್ದೂ ದಾಖಲಾಗಿದೆ! ಅದೇ ಏಡನ್ನಿನ ಪತ್ರಗಳಲ್ಲಿ ಅವನನ್ನು ಸೋದರ ಎಂದು ಕರೆದು ಕ್ಷೇಮ ಕೋರಿದ್ದಾರೆ. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೇ ಬಂದರು. ಪತ್ರಗಳಲ್ಲಿನ ಹೆಸರು ಬೊಮ್ಮ ಎಂದು ಗುರುತಿಸಲು ನೆರವಾದವರು ನಮ್ಮ ವಿದ್ವಾಂಸ ಬಿ. ಎ. ವಿವೇಕ ರೈ.

ಇನ್ನು ಆಶು. ಈ ಸೀಮೆಯ ಹೆಣ್ಣು, ದಾಸಿಯಾಗಿದ್ದವಳು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬೆನ್ ಯಿಜು ಅವಳಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಆಶು ಆಮೇಲೆ ಏನಾದಳು? ಪತ್ರಗಳು ಬಾಯಿ ಬಿಡುವುದಿಲ್ಲ, ನನಗೆ ಅದೇ ನೋವು. ಬೆನ್ ಯಿಜುವಿನ ಮಗಳು ಸಿತ್ತ್ ಅಲ್-ದಾರ್‌ಗೆ 1156ರಲ್ಲಿ ಈಜಿಪ್ಟಿನಲ್ಲಿ ಮದುವೆಯಾಯಿತು. ವರ ಅವಳ ತಂದೆಯ ಸೋದರನ ಮಗ, ಸಿಸಿಲಿಯಿಂದ ಬಂದವನು!

ಮೆಣಸಿನ ಲಾಭಕ್ಕೆಂದು ಹೊರಟ ಒಂದು ಪ್ರಯಾಣ ಟುನೀಸಿಯಾ, ಏಡನ್, ಮಂಗಳೂರು, ಸಿಸಿಲಿ, ಈಜಿಪ್ಟುಗಳನ್ನು ಒಂದೇ ಮನೆತನದ ಕತೆಯಾಗಿಸಿತು. ಈ ಚೂರುಗಳಲ್ಲಿ ಎಷ್ಟೋ ಈಗ ಕೇಂಬ್ರಿಡ್ಜ್ ಗ್ರಂಥಾಲಯದ ಅಂತರ್ಜಾಲ ತಾಣದಲ್ಲಿ ಎಲ್ಲರಿಗೂ ತೆರೆದಿವೆ. ಕರಾವಳಿಯವರು, ಅದರಲ್ಲೂ ಮಂಗಳೂರಿನವರು, ದಯವಿಟ್ಟು ಒಮ್ಮೆ ನೋಡಿ.