ಧಮನಿಗೆ ಕಟ್ಟುವ ಸುಣ್ಣ: ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯಲ್ಲಿ ತಿಳಿದಿರಬೇಕಾದ ಸಂಗತಿ



ಸುಣ್ಣವೆಂದರೆ ಬೆಳೆಗಾರನಿಗೆ ಹೊಸ ವಸ್ತುವಲ್ಲ. ಹುಳಿಮಣ್ಣಿಗೆ ಹಾಕಲು ಸುಣ್ಣ ಬೇಕು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಸುಣ್ಣ ಬೇಕು, ಊಟವಾದ ಮೇಲೆ ವೀಳ್ಯದೆಲೆಗೆ ಸವರಲೂ ಸುಣ್ಣ ಬೇಕು. ಆದರೆ ಅದೇ ಸುಣ್ಣದ ಅಂಶ ಮನುಷ್ಯನ ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಬೆಳೆಗಾರರಲ್ಲಿ, ಮನೆಯವರೊಬ್ಬರನ್ನು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವವರು ಈಗ ಅಪರೂಪವಲ್ಲ. ಕೆಲವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ. ಘಟ್ಟದ ಮೇಲಿನ ಕೊಪ್ಪ, ಶೃಂಗೇರಿ ಕಡೆಯವರು ಆಗುಂಬೆ ಘಾಟಿ ಇಳಿದು ಬರುವುದೂ ಉಂಟು. ಇವರೆಲ್ಲರಲ್ಲೂ ಒಂದು ಪ್ರಶ್ನೆ ಏಳುತ್ತದೆ: “ಯಂತ್ರ ರಕ್ತವನ್ನು ಶುದ್ಧ ಮಾಡುತ್ತದಲ್ಲ, ಮತ್ತೆ ಹೃದಯಕ್ಕೆ ಯಾಕೆ ತೊಂದರೆ?” ಈ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ಸುಣ್ಣ ಮತ್ತು ರಂಜಕದಲ್ಲಿದೆ.

ಸ್ವಲ್ಪ ಹಿನ್ನೆಲೆ

ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಗಳ ಮೇಲೆ ಮೊದಲು ಬಳಸಿದರು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ತೋಳಿನ ರಕ್ತನಾಳಕ್ಕೆ ಕಾಯಂ ಕೊಳವೆ ಜೋಡಿಸುವ ಉಪಾಯ ಕಂಡುಕೊಂಡ ಮೇಲೆ, ಮೂತ್ರಪಿಂಡ ಪೂರ್ಣ ಕೆಟ್ಟವರೂ ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಹಾಗೆ ಹೆಚ್ಚು ಕಾಲ ಬದುಕಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಡಯಾಲಿಸಿಸ್ ಪಡೆಯುವವರಲ್ಲಿ ಮರಣಕ್ಕೆ ಮುಖ್ಯ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಆಗಿತ್ತು. ಇಂದಿಗೂ ಜಗತ್ತಿನಾದ್ಯಂತ ಪರಿಸ್ಥಿತಿ ಅದೇ.

ಇದು ಮುದುಕರ ಕಾಯಿಲೆ ಮಾತ್ರವೆಂದು ತಿಳಿಯಬಾರದು. ಅಮೆರಿಕದ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಡಯಾಲಿಸಿಸ್ ಪಡೆಯುತ್ತಿದ್ದ 20ರಿಂದ 30 ವರ್ಷದ 16 ಮಂದಿಯಲ್ಲಿ 14 ಮಂದಿಯ ಹೃದಯದ ಧಮನಿಗಳಲ್ಲಿ ಸುಣ್ಣ ಕಂಡುಬಂದಿತ್ತು. ಅದೇ ವಯಸ್ಸಿನ ಆರೋಗ್ಯವಂತರು 60 ಮಂದಿಯಲ್ಲಿ ಬರೇ 3 ಮಂದಿಗೆ ಅದು ಇತ್ತು.

ಸುಣ್ಣ ಕಟ್ಟುವುದು ಹೇಗೆ?

ರಂಜಕವೆಂದರೆ ನಾವು ಶಿಲಾರಂಜಕದ ರೂಪದಲ್ಲಿ ತೋಟಕ್ಕೆ ಹಾಕುವ ಅದೇ ಪೋಷಕಾಂಶ. ನಾವು ತಿನ್ನುವ ಹಾಲು, ಬೇಳೆ, ಮೀನು, ಮೊಟ್ಟೆ ಎಲ್ಲದರಲ್ಲೂ ಅದು ಇದೆ. ದೇಹಕ್ಕೆ ಬೇಕಾದಷ್ಟು ಉಳಿಸಿಕೊಂಡು ಹೆಚ್ಚಿನದನ್ನು ಮೂತ್ರದಲ್ಲಿ ಹೊರಗೆ ಹಾಕುವುದು ಮೂತ್ರಪಿಂಡದ ಕೆಲಸ. ಮೂತ್ರಪಿಂಡ ಕೆಟ್ಟರೆ ರಂಜಕ ರಕ್ತದಲ್ಲೇ ನಿಲ್ಲುತ್ತದೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದೂ ಮೂತ್ರಪಿಂಡವೇ ಆದುದರಿಂದ, ಆ ಕೆಲಸವೂ ಕುಂಠಿತವಾಗುತ್ತದೆ. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯಿಡ್ ಎಂಬ ಪುಟ್ಟ ಗ್ರಂಥಿಗಳು ಅತಿಯಾಗಿ ರಸ ಸ್ರವಿಸಿ, ಮೂಳೆಯಿಂದ ಸುಣ್ಣಾಂಶವನ್ನು ಎಳೆದು ರಕ್ತಕ್ಕೆ ಬಿಡುತ್ತವೆ.

ಸುಣ್ಣ ಹೆಚ್ಚಾದ ಮಣ್ಣಿಗೆ ರಂಜಕ ಹಾಕಿದರೆ ಎರಡೂ ಕೂಡಿ ಕರಗದ ವಸ್ತುವಾಗಿ ಬೇರಿಗೆ ಸಿಗದೆ ಹೋಗುವುದನ್ನು ನೀವು ಬಲ್ಲಿರಿ. ದೇಹದಲ್ಲೂ ಇವೆರಡರ ಕೂಟ ಅಂಥದ್ದೇ. ಆದರೆ ಇಲ್ಲಿ ಇನ್ನೊಂದು ವಿಚಿತ್ರವಿದೆ. ರಂಜಕದ ಕಾಟಕ್ಕೆ ಸಿಕ್ಕ ಧಮನಿಯ ಗೋಡೆಯ ಸ್ನಾಯು ಕಣಗಳು ತಮ್ಮ ಗುಣವನ್ನೇ ಬಿಟ್ಟು ಮೂಳೆಯ ಕಣಗಳಂತೆ ವರ್ತಿಸತೊಡಗುತ್ತವೆ. ಮೂಳೆ ಕಟ್ಟುವ ಕೆಲಸ ರಕ್ತನಾಳದ ಗೋಡೆಯಲ್ಲಿ ನಡೆಯುತ್ತದೆ!

ಬೋರ್ಡೋ ಸಿಂಪಡಿಸುವ ರಬ್ಬರ್ ಪೈಪು ಹಳತಾಗಿ ಬಿರುಸಾದುದನ್ನು ಜ್ಞಾಪಿಸಿಕೊಳ್ಳಿ. ಅದು ಕಟ್ಟಿಕೊಂಡಿಲ್ಲ, ಒಳಗೆ ದ್ರಾವಣ ಹರಿಯುತ್ತದೆ, ಆದರೆ ಪಂಪಿನ ಪ್ರತಿ ಒತ್ತಿಗೆ ಮೊದಲಿನಂತೆ ಹಿಗ್ಗುವುದಿಲ್ಲ. ಬಿರುಸಾದ ಧಮನಿಯಲ್ಲೂ ಹೀಗೆಯೇ. ಪಂಪು, ಅಂದರೆ ಹೃದಯ, ಹೆಚ್ಚು ಒತ್ತಿ ತಳ್ಳಬೇಕಾಗುತ್ತದೆ. ಕಾಲಕ್ರಮೇಣ ಹೃದಯದ ಸ್ನಾಯು ದಪ್ಪಗಾಗಿ ಸೋಲುತ್ತದೆ. ರಕ್ತದೊತ್ತಡ ನೋಡಿದಾಗ ಮೇಲಿನ ಅಂಕಿ ಹೆಚ್ಚಾಗಿ ಕೆಳಗಿನದು ಕಡಿಮೆ ಇರುವುದು ಈ ಬಿರುಸಿನ ಒಂದು ಲಕ್ಷಣ. ಹೃದಯದ ಕವಾಟಗಳಲ್ಲೂ ಸುಣ್ಣ ಕೂರಬಹುದು. ಕೈಯ ಧಮನಿ ಬಿರುಸಾದರೆ ಡಯಾಲಿಸಿಸ್‌ಗೆ ಬೇಕಾದ ರಕ್ತನಾಳದ ಜೋಡಣೆ, ಅಂದರೆ ಫಿಸ್ಟುಲಾ, ಸರಿಯಾಗಿ ಬೆಳೆಯುವುದಿಲ್ಲ.

ರಂಜಕದ ಜಮಾ-ಖರ್ಚು

ಸಹಕಾರಿ ಸಂಘದ ಸದಸ್ಯರಿಗೆ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಇವು ಸ್ಥೂಲ ಅಂಕಿಗಳು, ಒಬ್ಬೊಬ್ಬರಲ್ಲಿ ಹೆಚ್ಚು ಕಡಿಮೆ ಇರುತ್ತವೆ. ಸಾಧಾರಣ ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ರಂಜಕವಿದ್ದು, ಅದರಲ್ಲಿ 600 ಮಿಲಿಗ್ರಾಂನಷ್ಟು ರಕ್ತಕ್ಕೆ ಸೇರಿತೆಂದು ಇಟ್ಟುಕೊಳ್ಳೋಣ. ವಾರಕ್ಕೆ ಜಮಾ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800. ವಾರಕ್ಕೆ ಮೂರು ಸಲ ಮಾಡಿಸಿದರೆ ಖರ್ಚು 2400. ಬಸ್ಸಿನ ಖರ್ಚು, ಕೊಯ್ಲಿನ ಕೆಲಸ ಎಂದು ಎರಡೇ ಸಲ ಮಾಡಿಸಿದರೆ 1600. ಅಂದರೆ ಮೂರು ಸಲದಲ್ಲಿ 1800 ಉಳಿದರೆ, ಎರಡು ಸಲದಲ್ಲಿ 2600 ಉಳಿಯಿತು. ಮೂತ್ರ ಇನ್ನೂ ಸ್ವಲ್ಪ ಬರುತ್ತಿರುವವರಿಗೆ ಅದರಲ್ಲೂ ಸ್ವಲ್ಪ ಹೋಗುತ್ತದೆ. ಉಳಿದದ್ದಕ್ಕೆ ದಾರಿ ಯಾವುದು? ಊಟದಲ್ಲಿ ಎಚ್ಚರ ಮತ್ತು ವೈದ್ಯರು ಕೊಡುವ ಮಾತ್ರೆ, ಇವೆರಡೇ.

ಆದುದರಿಂದ ಡಯಾಲಿಸಿಸ್‌ನ ಸರದಿಯನ್ನು ತಪ್ಪಿಸುವುದು, “ಸುಸ್ತಾಯಿತು, ಇವತ್ತು ಮೂರು ಗಂಟೆ ಸಾಕು” ಎಂದು ಎದ್ದು ಬರುವುದು, ಎರಡೂ ಸಣ್ಣ ಸಂಗತಿಗಳಲ್ಲ.

ಮಾತ್ರೆ ಊಟದೊಂದಿಗೇ

ರಂಜಕವನ್ನು ಹೊಟ್ಟೆಯಲ್ಲೇ ಹಿಡಿದು ಮಲದೊಂದಿಗೆ ಹೊರಗೆ ಕಳಿಸುವ ಮಾತ್ರೆಗಳಿವೆ. ಊಟದ ಜೊತೆಯಲ್ಲಿ ತೆಗೆದುಕೊಂಡರೆ ಮಾತ್ರ ಇವು ಕೆಲಸ ಮಾಡುತ್ತವೆ. ಬೆಳಗ್ಗೆ ಮರೆತದ್ದನ್ನು ರಾತ್ರಿ ಮಲಗುವಾಗ ಬರಿಹೊಟ್ಟೆಗೆ ನುಂಗಿದರೆ ಹಿಡಿಯಲು ಅಲ್ಲಿ ರಂಜಕವೇ ಇರುವುದಿಲ್ಲ. ತೋಟಕ್ಕೆ ಬುತ್ತಿ ಒಯ್ಯುವವರು ಮಾತ್ರೆಯನ್ನೂ ಬುತ್ತಿಯಲ್ಲೇ ಇಟ್ಟುಕೊಳ್ಳಬೇಕು.

ಹಿಂದೆ ಇದಕ್ಕೆ ಅಲ್ಯೂಮಿನಿಯಂ ಇರುವ ಔಷಧ ಕೊಡುತ್ತಿದ್ದರು. ಅಲ್ಯೂಮಿನಿಯಂನಿಂದ ಮೆದುಳಿಗೂ ಮೂಳೆಗೂ ಹಾನಿಯೆಂದು 1970ರ ದಶಕದಲ್ಲಿ ತಿಳಿದುಬಂದ ಮೇಲೆ, ಮುಂದೆ ಕ್ಯಾಲ್ಸಿಯಂ ಮಾತ್ರೆಗಳು ಬಳಕೆಗೆ ಬಂದವು. ಆದರೆ ಕ್ಯಾಲ್ಸಿಯಂ ಅತಿಯಾದರೆ ಅದೂ ಧಮನಿಗೆ ಸೇರಬಹುದಾದ್ದರಿಂದ, ಅದರ ಪ್ರಮಾಣಕ್ಕೆ ಮಿತಿಯಿರಬೇಕೆಂದು ಈಗ ವೈದ್ಯರು ಹೇಳುತ್ತಾರೆ. ಕ್ಯಾಲ್ಸಿಯಂ ಇಲ್ಲದ ಸೆವೆಲಮರ್‌ನಂಥ ಮಾತ್ರೆಗಳೂ ಇವೆ, ಬೆಲೆ ಹೆಚ್ಚು. ಕೈಕಾಲು ನೋವೆಂದು ಅಂಗಡಿಯಿಂದ ತಾವಾಗಿಯೇ ಕ್ಯಾಲ್ಸಿಯಂ ಅಥವಾ ವಿಟಮಿನ್ ಡಿ ತಂದು ನುಂಗಬಾರದು.

ಎಲೆಯಡಿಕೆಯ ಸುಣ್ಣ

ಅಡಿಕೆ ಬೆಳೆಗಾರರ ಪತ್ರಿಕೆಯಾದರೂ ಈ ಮಾತು ಹೇಳದೆ ಬಿಡುವುದು ಸರಿಯಲ್ಲ. ಎಲೆಗೆ ಸವರಿದ ಸುಣ್ಣ, ಅದು ಚಿಪ್ಪಿನದಾಗಲಿ ಕಲ್ಲಿನದಾಗಲಿ, ರಸದೊಂದಿಗೆ ಹೊಟ್ಟೆಗೆ ಹೋಗುತ್ತದೆ. ದಿನಕ್ಕೆ ಹಲವು ಸಲ ಹೀಗೆ ಸುಣ್ಣ ತಿಂದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ ಪ್ರಕರಣಗಳು ವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿವೆ. ಡಯಾಲಿಸಿಸ್ ಪಡೆಯುವವರಿಗೆ ಈ ಅಭ್ಯಾಸ ಬೇಡ. ಬಿಡಲಾಗದಿದ್ದರೆ ವೈದ್ಯರ ಮುಂದೆ ಮುಚ್ಚಿಡಬಾರದು.

ಊಟದ ವಿಚಾರ

ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 90 ಮಿಲಿಗ್ರಾಂ ರಂಜಕವಿದೆ. ಅಷ್ಟಷ್ಟು ಹಾಲು ಹಾಕಿ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದರೆ 360 ಆಯಿತು. ಇಲ್ಲಿ ರಂಜಕ ಬರುವುದು ಮುಖ್ಯವಾಗಿ ಹಾಲಿನಿಂದ, ಡಿಕಾಕ್ಷನ್ನಿನಿಂದಲ್ಲ. ಬಣ್ಣದ ಕೋಲಾ ಪಾನೀಯ, ಪೊಟ್ಟಣದ ತಿಂಡಿ, ಸಂಸ್ಕರಿಸಿದ ಮಾಂಸ ಇವುಗಳಿಗೆ ಬೆರೆಸುವ ರಂಜಕದ ಲವಣ ಬಹುಪಾಲು ರಕ್ತಕ್ಕೆ ಸೇರುತ್ತದೆ. ಬೇಳೆಕಾಳಿನಲ್ಲಿರುವುದು ಅಷ್ಟು ಸುಲಭವಾಗಿ ಸೇರುವುದಿಲ್ಲ. ಬೂತಾಯಿಯಂಥ ಮೀನನ್ನು ಮುಳ್ಳುಸಮೇತ ಅಗಿಯುವುದು, ಒಣಮೀನು, ಎರಡೂ ಬೇಡ. ಒಣಮೀನಿನಲ್ಲಿ ಉಪ್ಪಿನ ಕಾಟವೂ ಇದೆ.

ಹಾಗೆಂದು ಗಂಜಿ-ಉಪ್ಪಿನಕಾಯಿಗೆ ಇಳಿಯುವುದು ತಪ್ಪು. ಡಯಾಲಿಸಿಸ್ ಪಡೆಯುವವರಿಗೆ ಸಸಾರಜನಕ ಬೇಕೇ ಬೇಕು, ಇಲ್ಲವಾದರೆ ದೇಹ ಸೊರಗುತ್ತದೆ. ಯಾವುದನ್ನು ಎಷ್ಟು ತಿನ್ನಬೇಕೆಂದು ಆಸ್ಪತ್ರೆಯ ಆಹಾರತಜ್ಞರನ್ನು ಕೇಳಿ ಬರೆದುಕೊಳ್ಳಿ. ತೋಟದ ಎಳನೀರಿನ ಬಗ್ಗೆಯೂ ಕೇಳಿ. ಅದರ ಪೊಟ್ಯಾಷ್ ಇವರ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಕೇಳಬೇಕಾದ ಮೂರು ಅಂಕಿಗಳು

ರಕ್ತಪರೀಕ್ಷೆಯಾದಾಗಲೆಲ್ಲ ರಂಜಕ, ಕ್ಯಾಲ್ಸಿಯಂ, ಪ್ಯಾರಾಥೈರಾಯಿಡ್ ಹಾರ್ಮೋನು, ಈ ಮೂರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಆರೋಗ್ಯವಂತರಲ್ಲಿ ರಂಜಕ 2.5ರಿಂದ 4.5ರವರೆಗೆ ಇರುತ್ತದೆ. ಒಂದು ಸಲದ ಅಂಕಿಗಿಂತ, ತಿಂಗಳಿಂದ ತಿಂಗಳಿಗೆ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಮುಖ್ಯ. ಧಮನಿಯ ಸುಣ್ಣವನ್ನು ಹೊಟ್ಟೆಯ ಬದಿಯ ಎಕ್ಸ್‌ರೇಯಲ್ಲಿ ಕಾಣಬಹುದು, ಕವಾಟದ ಸುಣ್ಣವನ್ನು ಎಕೋ ಪರೀಕ್ಷೆಯಲ್ಲಿ.

ಈ ತೊಂದರೆ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಎದೆ ಬಿಗಿತ, ನಡೆಯುವಾಗ ಏದುಸಿರು, ಮೀನಖಂಡದ ನೋವು, ಕಾಲ್ಬೆರಳು ಕಪ್ಪಾಗುವುದು, ಚರ್ಮದಲ್ಲಿ ತೀವ್ರ ನೋವಿನ ನೇರಳೆ ಕಲೆ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸರದಿಯವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು.

ಒಮ್ಮೆ ಗೋಡೆಯಲ್ಲಿ ಕೂತ ಸುಣ್ಣವನ್ನು ಖಚಿತವಾಗಿ ಕರಗಿಸುವ ಮದ್ದು ಇಂದಿಗೂ ಇಲ್ಲ. ಇನ್ನೂ ಕೂರದಂತೆ ತಡೆಯುವುದು ಮಾತ್ರ ಸಾಧ್ಯ. ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯುವ ನಮಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಡಯಾಲಿಸಿಸ್ ಪಡೆಯುವವರಿದ್ದರೆ, ಇಂದಿನ ಊಟಕ್ಕೆ ಕೂರುವಾಗ ಮಾತ್ರೆ ಎಲೆಯ ಬದಿಯಲ್ಲಿದೆಯೇ ಎಂದು ನೋಡಿ. ಇನ್ನುಳಿದವರು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡಿ. ಮೂತ್ರಪಿಂಡ ಕೆಡುವುದಕ್ಕೆ ಮುಖ್ಯ ಕಾರಣ ಇವೆರಡೇ.