ನಿಂತ ಜಾವಾಗೆ ಬೆಲೆ ಕಟ್ಟುವುದು

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂತಿವೆ. ‘ಕಾರ್ಬುರೇಟರ್ ಕ್ಲೀನ್ ಮಾಡಿಸಿದ್ರೆ ಸಾಕು, ಸ್ಟಾರ್ಟ್ ಆಗುತ್ತೆ’ ಎನ್ನುತ್ತಾರೆ ಮಾರುವವರು. ಅಷ್ಟೇ ಕೆಲಸವಿದ್ದರೆ ಅವರೇ ಮಾಡಿಸಿ, ಓಡಿಸಿ ತೋರಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಕೊಳ್ಳುವವರು ಮೊದಲು ನೋಡಬೇಕಾದ್ದು ಪೇಂಟಲ್ಲ, ಕ್ರ್ಯಾಂಕ್.

ಬುಲೆಟ್‌ನಂಥ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಆಯಿಲ್ ಬೇರೆಯೇ ಇರುತ್ತದೆ. ಟೂ ಸ್ಟ್ರೋಕ್ ಜಾವಾದಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆ ಮಿಶ್ರಣ ಗಾಳಿಯ ಜೊತೆ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ, ಬೇರಿಂಗುಗಳನ್ನು ನೆನೆಸಿ, ಆಮೇಲೆ ಸಿಲಿಂಡರಿಗೆ ಏರುತ್ತದೆ. ಗಾಡಿ ಓಡುತ್ತಿದ್ದರೆ ಬೇರಿಂಗಿಗೆ ಆಯಿಲ್ ಸಿಗುತ್ತಲೇ ಇರುತ್ತದೆ. ವರ್ಷಗಟ್ಟಲೆ ನಿಂತರೆ ಆಯಿಲ್ಲಿನ ಪೊರೆ ಇಳಿದುಹೋಗಿ, ಮಳೆಗಾಲದ ತೇವ ಸೇರಿ ತುಕ್ಕು ಹಿಡಿಯುತ್ತದೆ. ಕ್ರ್ಯಾಂಕ್‌ನ ಭಾಗಗಳನ್ನು ಪ್ರೆಸ್‌ನಲ್ಲಿ ಒತ್ತಿ ಕೂಡಿಸಿರುವುದರಿಂದ ಕನೆಕ್ಟಿಂಗ್ ರಾಡ್ ಬದಲಿಸಲು ಇಡೀ ಎಂಜಿನ್ ಬಿಚ್ಚಿ, ಕ್ರ್ಯಾಂಕ್ ಬೇರ್ಪಡಿಸಿ, ಮತ್ತೆ ಒತ್ತಿ, ವಾಲದಂತೆ ಸರಿಮಾಡಬೇಕು. ಕ್ರ್ಯಾಂಕ್‌ನ ಎರಡೂ ಬದಿಯ ರಬ್ಬರ್ ಸೀಲುಗಳು ನಿಂತಲ್ಲೇ ಗಟ್ಟಿಯಾಗಿರುತ್ತವೆ. ಅವು ಕಳ್ಳಗಾಳಿ ಎಳೆದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸ್ಟಾರ್ಟ್ ಆದ ಗಾಡಿಗೂ ಸೀಲಿನ ಖರ್ಚು ಸೇರಿಸಿಕೊಳ್ಳಲೇಬೇಕು.

ಟೂ ಸ್ಟ್ರೋಕ್ ಎಂಜಿನ್ ಒಂದು ಉಪಕಾರವನ್ನೂ ಮಾಡುತ್ತದೆ. ಸೈಲೆನ್ಸರ್ ಪೈಪ್ ಬಿಚ್ಚಿ, ಸಿಲಿಂಡರಿನ ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ನೇ ಕಾಣುತ್ತದೆ. ಅದರ ಮೇಲೆ ಉದ್ದುದ್ದ ಗೀರುಗಳಿದ್ದರೆ ಹಿಂದೆ ಯಾವಾಗಲೋ ಹಿಡಿದುಕೊಂಡಿತ್ತು ಎಂದರ್ಥ. ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ನಿಂತು ಒದೆಯಬೇಡಿ. ಪ್ಲಗ್ ತೆಗೆದು ಆಯಿಲ್ ಬಿಟ್ಟು, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಮೆಲ್ಲಗೆ ಆಡಿಸಿ. 250 ಸಿಸಿ ಮಾದರಿಯಲ್ಲಿ ಹೊಸದಿದ್ದಾಗ ಸಿಲಿಂಡರಿನ ಬೋರ್ 65 ಮಿಲಿಮೀಟರ್. ಎಷ್ಟು ಸಲ ರೀಬೋರ್ ಆಗಿದೆ ಎಂದು ಕೇಳಿ. ಇನ್ನು ಬೋರ್ ಮಾಡಿಸಲು ಲೋಹ ಉಳಿದಿರದಿದ್ದರೆ ಸ್ಲೀವ್ ಹಾಕಿಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು.

ಆಮೇಲೆ ಕಾಗದಪತ್ರ. ಆರ್‌ಸಿಯಲ್ಲಿರುವ ಎಂಜಿನ್, ಛಾಸಿ ನಂಬರುಗಳನ್ನು ಗಾಡಿಯ ಮೇಲೆ ಕೆತ್ತಿದ್ದರ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ನೋಂದಣಿಯ ಅವಧಿ 15 ವರ್ಷ, ನಂತರ ಐದೈದು ವರ್ಷಕ್ಕೆ ನವೀಕರಣ. ಎಂದೋ ಮುಗಿದುಹೋಗಿದ್ದರೆ ಆ ಖರ್ಚೂ ಓಡಾಟವೂ ನಿಮ್ಮದೇ. 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ಅಂಥದನ್ನು ದಿನನಿತ್ಯ ಓಡಿಸುವಂತಿಲ್ಲ. ಆರ್‌ಸಿಯೇ ಇಲ್ಲದ ಗಾಡಿಗೆ ನಾನಂತೂ ಬಿಡಿಭಾಗಗಳ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ.

ಲೆಕ್ಕ ಹಿಂದಿನಿಂದ ಶುರುವಾಗಬೇಕು. ಅದೇ ಮಾದರಿಯ ಚೆನ್ನಾಗಿ ಓಡುವ ಗಾಡಿ ನಿಮ್ಮ ಊರಲ್ಲಿ 1,20,000 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕ್ರ್ಯಾಂಕ್, ಬೋರ್, ವೈರಿಂಗ್, ಟೈರ್, ಕ್ರೋಮ್ ಎಲ್ಲ ಸೇರಿ 70,000 ಎಂದು ಮೆಕ್ಯಾನಿಕ್ ಹೇಳಿದರೆ, ಬಿಚ್ಚಿದ ಮೇಲೆ ಹೊರಬೀಳುವುದಕ್ಕೆ ಇನ್ನೊಂದು 20,000 ತೆಗೆದಿಡಿ. ಉಳಿಯುವ 30,000 ನ್ಯಾಯವಾದ ಬೆಲೆ. ಟ್ಯಾಂಕ್, ಸೈಡ್ ಬಾಕ್ಸ್, ಹೆಡ್‌ಲೈಟಿನ ಡೂಮ್ ಮೂಲದವೇ ಆಗಿದ್ದರೆ ಸ್ವಲ್ಪ ಏರಿಸಬಹುದು. ಪೈಪ್ ಬಿಚ್ಚಲು ಮಾಲೀಕರು ಒಪ್ಪದಿದ್ದರೆ ಪಿಸ್ಟನ್, ಸಿಲಿಂಡರ್ ಎರಡೂ ಹೋಗಿವೆ ಎಂದೇ ಹಿಡಿದು ಬೆಲೆ ಹೇಳಿ.