ಹಳೆಯ ಮೋಟಾರು ದೋಣಿಯನ್ನು ಕೊಳ್ಳುವ ಮುನ್ನ ಪರೀಕ್ಷಿಸತಕ್ಕ ಸಂಗತಿಗಳು

ಕೃಷ್ಣಾ ಭೀಮಾ ನದಿಗಳ ದಂಡೆಯಲ್ಲಿರುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹೊಳೆ ದಾಟುವುದಕ್ಕೆ ಬಹುಕಾಲದಿಂದ ಹರಿಗೋಲೇ ಆಧಾರವಾಗಿತ್ತು. ಸುರಪುರದ ಕಡೆಯ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ದಿನ ತುಂಬಿದ ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದ ಸಂಗತಿಯನ್ನು ಅನೇಕರು ಬಲ್ಲರು. ಇಂಥ ಕಷ್ಟವನ್ನು ಕಂಡ ಗ್ರಾಮದ ಹಿರಿಯರೂ ಭೂಮಾಲಿಕರೂ ಕೂಡಿ, ಅಲ್ಪ ಬೆಲೆಗೆ ದೊರೆಯುವ ಹಳೆಯ ಮೋಟಾರು ದೋಣಿಯನ್ನು ಕೊಳ್ಳಲು ಯೋಚಿಸುವುದು ಸಹಜ. ಆದರೆ ನಡುಹೊಳೆಯಲ್ಲಿ ನಿಂತುಹೋಗುವ ಯಂತ್ರವು ಇಲ್ಲದ ಯಂತ್ರಕ್ಕಿಂತ ಕೇಡು. ಬಣ್ಣವನ್ನು ನೋಡಿ ಹಣ ಕೊಡಲಾಗದು.

ಮೊದಲು ದೋಣಿಯನ್ನು ದಡಕ್ಕೆಳೆದು ತಳವನ್ನು ನೋಡತಕ್ಕದ್ದು. ನಮ್ಮ ಭಾಗದ ಕೃಷ್ಣೆಯ ಪಾತ್ರವು ಬಂಡೆಗಲ್ಲುಗಳಿಂದ ತುಂಬಿದೆ. ಆದುದರಿಂದ ಆಳಕ್ಕೆ ಇಳಿಯುವ ತಳಕ್ಕಿಂತ ಚಪ್ಪಟೆ ತಳವೇ ಇಲ್ಲಿಗೆ ಲೇಸು. ಮರದ ದೋಣಿಯಾದರೆ ಹಲಗೆಗಳ ಸಂದುಗಳಲ್ಲಿ ಚೂರಿಯ ಮೊನೆಯನ್ನು ಒತ್ತಬೇಕು. ಅದು ಮೆತ್ತಗೆ ಒಳಹೊಕ್ಕರೆ ಮರ ಕೊಳೆತಿದೆಯೆಂದು ತಿಳಿಯಬೇಕು. ಫೈಬರಿನ ದೋಣಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ, ನೀರು ಹೊಕ್ಕ ಕಡೆ ಶಬ್ದವು ಮಂದವಾಗುತ್ತದೆ. ಯಂತ್ರವನ್ನು ಬಿಗಿಯುವ ಹಿಂಬದಿಯ ಹಲಗೆಯನ್ನು ವಿಶೇಷವಾಗಿ ನೋಡಬೇಕು. ಯಂತ್ರವನ್ನು ಮೇಲೆ ಕೆಳಗೆ ಅಲುಗಿಸಿದಾಗ ಹಲಗೆಯೂ ಬಾಗಿದರೆ ಆ ದೋಣಿ ಬೇಡ.

ಯಂತ್ರವನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮಾರುವವನು ಮುಂಚೆಯೇ ಕಾಯಿಸಿಟ್ಟಿರಬಹುದಾದುದರಿಂದ ಕೈಯಿಟ್ಟು ನೋಡುವುದೊಳಿತು. ದಡದ ಮೇಲೆ ನೀರಿಲ್ಲದೆ ಓಡಿಸಿ ತೋರಿಸಿದರೆ ಒಪ್ಪಬಾರದು; ಅದರಿಂದ ನೀರೆತ್ತುವ ರಬ್ಬರಿನ ಚಕ್ರವು ಸುಟ್ಟುಹೋಗುತ್ತದೆ. ಹೊಳೆಯಲ್ಲಿ ಓಡುವಾಗ ಯಂತ್ರದಿಂದ ತಂಪು ನೀರಿನ ಧಾರೆ ಎಡೆಬಿಡದೆ ಬೀಳುತ್ತಿರಬೇಕು. ಗೇರಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಿದಾಗ ಅದು ಹಾಲಿನಂತಿದ್ದರೆ ಒಳಗೆ ನೀರು ಸೇರಿದೆ. ಪಂಖದ ಅಂಚು ಮುರಿದಿದ್ದರೆ, ಕಲ್ಲಿಗೆ ಬಡಿದ ಪೆಟ್ಟು ಒಳಗಿನ ದಂಡಕ್ಕೂ ತಗಲಿರಬಹುದು. ಕಡಲಕರೆಯಿಂದ ಬಂದ ಯಂತ್ರವಾದರೆ ನೀರು ಹರಿಯುವ ದಾರಿಗಳಲ್ಲಿ ಉಪ್ಪು ಕಟ್ಟಿದೆಯೇ ಎಂದು ಮೆಕ್ಯಾನಿಕನಿಂದ ಬಿಚ್ಚಿಸಿ ನೋಡಿಸಬೇಕು.

ಕಡೆಯದು ಭಾರದ ಪರೀಕ್ಷೆ. 12 ಜನರನ್ನು ದಾಟಿಸಬೇಕೆಂದಿದ್ದರೆ, ತಲೆಗೆ 65 ಕಿಲೋದಂತೆ 780 ಕಿಲೋ ಆಯಿತು. 50 ಕಿಲೋದ 16 ಮರಳಿನ ಚೀಲಗಳನ್ನು ಹೇರಿ, ಆಳವಿಲ್ಲದ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಬೇಕು. ಒಳಗೆ ನೀರು ಜಿನುಗದಿದ್ದರೆ ಮಾತ್ರ, ಅನುಭವಸ್ಥ ಅಂಬಿಗನ ಕೈಯಲ್ಲಿ, ಹೊಳೆ ಶಾಂತವಾಗಿರುವಾಗ, ಸೆಳವಿಗೆ ಎದುರಾಗಿ ನಡೆಸಿ ನೋಡಬೇಕು.

2021ರ ಒಳನಾಡು ಹಡಗುಗಳ ಕಾಯಿದೆಯಂತೆ ಯಂತ್ರದಿಂದ ನಡೆಯುವ ದೋಣಿಗೆ ತಪಾಸಣಾ ಪತ್ರವೂ ನೋಂದಣಿ ಪತ್ರವೂ ಅವಶ್ಯ. ಇವುಗಳನ್ನು ಕಣ್ಣಾರೆ ಕಂಡಲ್ಲದೆ ಮುಂಗಡ ಕೊಡಕೂಡದು. ಏರುವ ಪ್ರತಿಯೊಬ್ಬರಿಗೂ ತೇಲುವ ಅಂಗಿ, ಎರಡು ಹುಟ್ಟುಗಳು, ಒಂದು ಉದ್ದನೆಯ ಹಗ್ಗ ಇವುಗಳ ಖರ್ಚನ್ನೂ ದೋಣಿಯ ಬೆಲೆಗೆ ಸೇರಿಸಿಕೊಳ್ಳಬೇಕು.

ಎಷ್ಟೇ ಒಳ್ಳೆಯ ದೋಣಿಯಾದರೂ ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಅದನ್ನು ಹೊಳೆಗಿಳಿಸಬಾರದು. ಅಂದು ಬೇಡವೆನ್ನುವ ಅಂಬಿಗನ ಮಾತಿಗೆ ಊರ ಹಿರಿಯರು ಬೆಂಬಲವಾಗಿ ನಿಲ್ಲಬೇಕು.